ಟಕ್ ಅನ್ನೋ ಗಾಡಿ, ಒಂದೂವರೆ ಅಡಿ ಕೇಬಲ್ಲು

ಸಿಂಧನೂರಿನ ನಮ್ಮ ಗ್ಯಾರೇಜಿಗೆ ಆ ಡೀಸೆಲ್ ಕಾರು ಬರೋ ಹೊತ್ತಿಗೆ ಮಾಲೀಕರ ಕೈಯಿಂದ 8,000ದ ಮೇಲೆ ಹೋಗಿತ್ತು. ಹೊಸ ಬ್ಯಾಟರಿಗೆ 5,500 ಚಿಲ್ಲರೆ. ಸೆಲ್ಫ್ ಮೋಟಾರ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟಾರು) ಬಿಚ್ಚಿಸಿ ಬ್ರಷ್, ಬುಷ್, ಸೊಲಿನಾಯ್ಡ್ (ಕೀಲಿ ತಿರುವಿದಾಗ ಮೋಟಾರಿಗೆ ಕರೆಂಟು ಬಿಡೋ ಸ್ವಿಚ್ಚು) ಎಲ್ಲಾ ಹೊಸದು ಹಾಕಿಸಿದ್ದಕ್ಕೆ 2,800ರ ಹತ್ತಿರ. ಇಷ್ಟಾದರೂ ಕೀಲಿ ತಿರುವಿದರೆ ಒಂದು ಟಕ್, ಆಮೇಲೆ ಮೌನ. ಅವರು ಭತ್ತದ ದಲಾಲಿ ಅಂಗಡಿಯವರು, ಸುಗ್ಗಿ ಟೈಮು. ಕ್ಯಾಂಪಿಂದ ಕ್ಯಾಂಪಿಗೆ (ನಮ್ಮ ಕಡೆ ಭತ್ತ ಬೆಳೆಯೋರ ಊರುಗಳು) ತಿರುಗೋ ಗಾಡಿಯನ್ನ ದಿನಾ ನಾಲ್ಕು ಜನ ಹಮಾಲರು ನೂಕಿ ಸ್ಟಾರ್ಟ್ ಮಾಡಿಕೊಡ್ತಿದ್ದರು.

ಟಕಟಕಟಕ ಅಂತ ಸಣ್ಣಗೆ ಬಡಕೊಂಡರೆ ಬ್ಯಾಟರಿ ಡೌನ್, ಇಲ್ಲಾ ಟರ್ಮಿನಲ್ ಲೂಸ್. ಇದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರೋದೇ. ಇದು ಹಾಗಲ್ಲ, ಗಟ್ಟಿಯಾಗಿ ಒಂದೇ ಟಕ್. ಹೆಡ್‌ಲೈಟ್ ಹಾಕಿ ಕೀಲಿ ತಿರುವಿಸಿದೆ. ಲೈಟು ಕೊಂಚವೂ ಮಂಕಾಗಲಿಲ್ಲ. ಲೈಟು ಮಂಕಾಗಲಿಲ್ಲ ಅಂದ್ರೆ ಕರೆಂಟು ಮೋಟಾರಿಗೆ ಹೋಗ್ತಿಲ್ಲ, ಸೊಲಿನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಹಿಡೀತಿಲ್ಲ ಅಂತ ತೀರ್ಮಾನ ಮಾಡಿ ಸೆಲ್ಫ್ ಇಳಿಸಿಬಿಟ್ಟೆ. ಬೆಂಚಿನ ಮೇಲೆ ಇಟ್ಟು ಜಂಪರ್ (ಬ್ಯಾಟರಿಯಿಂದ ನೇರ ಕರೆಂಟು ಕೊಡೋ ದಪ್ಪ ತಂತಿ) ಕೊಟ್ಟರೆ ಗಿರ್ ಅಂತ ತಿರುಗ್ತು. ವಾಪಸ್ ಕೂರಿಸಿದೆ, ಗಾಡಿ ಸ್ಟಾರ್ಟ್ ಆಯ್ತು! 600 ರೂಪಾಯಿ ಕೂಲಿ ತಗೊಂಡು ಕಳಿಸಿದೆ. ಮೂರನೇ ದಿನ ಮಸ್ಕಿ ರಸ್ತೆಯಿಂದ ಫೋನು, ಮತ್ತೆ ಅದೇ ಟಕ್. ಆ 600 ವಾಪಸ್ ಕೊಟ್ಟೆ, ಪೆಟ್ರೋಲ್ ಸುಟ್ಟುಕೊಂಡು ಹೋಗಿ ಗಾಡಿ ತಂದದ್ದು ಬೇರೆ.

ನಮ್ಮ ಓಣಿಯ ಹಿರಿಯ ಮಿಸ್ತ್ರಿ ಒಬ್ಬರಿದ್ದಾರೆ, ಎಲ್ಲರಿಗೂ ಮಾಮಾ. ನಾನು ಕರೆಂಟು ಅಳೆಯೋ ಮೀಟರ್ ತೆಗೆದಿದ್ದು ನೋಡಿ, "ಏನಲೇ, ಡಾಕ್ಟರ್ ಆಟ ಆಡ್ಲಿಕತ್ತೀ? ಅದರ ಸೆಲ್ಫ್ ಆರ್ಮೇಚರ್ ಹೋಗೈತಿ, ಬೇರೆ ಹಾಕು" ಅಂದರು. ಆರ್ಮೇಚರ್ ಅಂದ್ರೆ ಮೋಟಾರಿನೊಳಗೆ ತಿರುಗೋ ಭಾಗ. "ಮಾಮಾ, ಬೆಂಚಿನ ಮ್ಯಾಲೆ ತಿರುಗ್ತದ್ರೀ" ಅಂದೆ. "ಬೆಂಚಿನ ಮ್ಯಾಲೆ ನಾನೂ ತಿರುಗ್ತೀನಿ." ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ ಪಂದ್ಯ ಕಟ್ಟಿದೆವು.

ಮೊದಲು ಅರ್ತ್ ಕೇಬಲ್ಲಿಗೆ (ಕರೆಂಟು ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ) ಕಂಟಿನ್ಯುಟಿ ಹಿಡಿದೆ, ಅಂದ್ರೆ ತಂತಿ ತುಂಡಾಗಿಲ್ಲವಾ ಅಂತ ನೋಡಿದೆ. ಬೀಪ್ ಅಂತು. ಮಾಮಾ ನಕ್ಕರು. ಅಲ್ಲೇ ನಾನು ಹಿಂದೆ ಎಷ್ಟೋ ಸಲ ಮೋಸ ಹೋಗಿದ್ದು. ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತೆ, ಡೀಸೆಲ್ ಇಂಜಿನ್ ತಿರುಗಿಸೋ ಸೆಲ್ಫಿಗೆ ಬೇಕಾಗಿರೋದು 200 ಆಂಪಿಯರ್ ಮೇಲೆ. ಹಾಗಾಗಿ ಮೀಟರನ್ನ ಡಿಸಿ ವೋಲ್ಟಿಗೆ ತಿರುವಿದೆ. ಕರಿ ಪ್ರೋಬ್ ಬ್ಯಾಟರಿ ಮೈನಸ್ ಕಂಬಕ್ಕೆ (ಕ್ಲಾಂಪಿಗಲ್ಲ, ಕಂಬಕ್ಕೇ), ಕೆಂಪು ಪ್ರೋಬ್ ಗೇರ್‌ಬಾಕ್ಸಿನ ಬೋಲ್ಟಿಗೆ. ಹುಡುಗನಿಗೆ ಕೀಲಿ ಹಿಡಿ ಅಂದೆ. ಕಾಲು ವೋಲ್ಟಿನ ಒಳಗೆ ಇರಬೇಕಾದ ಕಡೆ 6ರ ಮೇಲೆ ತೋರಿಸ್ತು. ಬ್ಯಾಟರಿ ಮಾತ್ರ 12ರಲ್ಲೇ ಗಟ್ಟಿಯಾಗಿ ನಿಂತಿತ್ತು. ಪ್ಲಸ್ ಕಡೆಯ ಕೇಬಲ್ಲಿಗೂ ಹಿಡಿದೆ, 0.2ವೋ 0.3ವೋ. ಅದು ಸರಿ ಇತ್ತು.

ಜಂಪರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ನೇರ ಗೇರ್‌ಬಾಕ್ಸಿಗೆ ಹಾಕಿದೆ. ಅರ್ಧ ತಿರುವಿಗೇ ಇಂಜಿನ್ ಎದ್ದಿತು. ಮಾಮಾ ಬೀಡಿ ಹಚ್ಚೋ ನೆಪದಲ್ಲಿ ಆ ಕಡೆ ತಿರುಗಿದರು.

ಬ್ಯಾಟರಿಯಿಂದ ಗಾಡಿಯ ಲೋಹದ ಮೈಗೆ, ಅಂದ್ರೆ ಬಾಡಿಗೇ, ಒಂದು ಅರ್ತ್ ಕೇಬಲ್, ಬಾಡಿಯಿಂದ ಗೇರ್‌ಬಾಕ್ಸಿಗೆ ಇನ್ನೊಂದು. ಸತ್ತಿದ್ದು ಎರಡನೇದು. ಲೈಟಿನ ಅರ್ತ್ ಬಾಡಿಯದ್ದು, ಅದಕ್ಕೇ ಹೆಡ್‌ಲೈಟ್ ನನಗೆ ಸುಳ್ಳು ಹೇಳಿತ್ತು. ಸೆಲ್ಫ್ ಇಳಿಸಿ ಏರಿಸುವಾಗ ಆ ಕೇಬಲ್ ಅಲುಗಾಡಿ ಮೂರು ದಿನ ಜೀವ ಹಿಡಿದಿತ್ತು. ಮೇಲಿಂದ ಇನ್ಸುಲೇಶನ್ ಚೆನ್ನಾಗೇ ಇತ್ತು. ಲಗ್ (ಕೇಬಲ್ ತುದಿಯ ಬೋಲ್ಟ್ ಹಾಕೋ ತಾಮ್ರದ ಬಳೆ) ಹತ್ತಿರ ಸೀಳಿ ನೋಡಿದರೆ ಒಳಗೆ ತಾಮ್ರ ಹಸಿರು ಪುಡಿ. ಗದ್ದೆ ಕೆಸರು, ಡಿಕ್ಕಿಯಲ್ಲಿ ಯೂರಿಯಾ ಚೀಲ, ವಾರಕ್ಕೊಮ್ಮೆ ಪ್ರೆಶರ್ ವಾಶ್. ಇನ್ನೇನಾಗುತ್ತೆ.

ಇನ್ನೊಂದು ಮಾತು ಆಮೇಲೆ ಹೊರಬಿತ್ತು. ಎರಡು ತಿಂಗಳ ಹಿಂದೆ ಕ್ಲಚ್ ಬಿಗಿಯಾಗಿದೆ ಅಂತ ಕೇಬಲ್ ಬದಲಿಸಿದ್ದರಂತೆ. ಹಳೇದು ಇನ್ನೂ ಡಿಕ್ಕಿಯಲ್ಲೇ ಬಿದ್ದಿತ್ತು. ಒಳಗಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಅರ್ತ್ ದಾರಿ ಮುಚ್ಚಿದಾಗ ಸೆಲ್ಫಿನ ಕರೆಂಟು ಕ್ಲಚ್ ಕೇಬಲ್ ಹಿಡಿದು ಹೋಗಿದೆ! ಇದನ್ನ ಮೊದಲೇ ಕೇಳಿದ್ದರೆ ನನ್ನ 600 ಉಳೀತಿತ್ತು.

ಹೊಸದಕ್ಕೆ ವೆಲ್ಡಿಂಗ್ ಕೇಬಲ್ ಒಂದೂವರೆ ಅಡಿ, 25 ಸ್ಕ್ವೇರ್ ಎಂಎಂ, ಎರಡು ತಾಮ್ರದ ಲಗ್. ಎಲ್ಲಾ ಸೇರಿ 300 ಒಳಗೆ. ಲಗ್ ಕೂರೋ ಜಾಗದ ಪೇಂಟು, ತುಕ್ಕು ಹೊಳೆಯೋವರೆಗೆ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್. ಲಗ್ಗಿಗೆ ಬೆಸುಗೆ ಹಾಕೋ ಹುಚ್ಚು ನನಗೂ ಇತ್ತು. ಒಂದು ಟೆಂಪೋಗೆ ಹಾಗೆ ಮಾಡಿದ್ದೆ, ಸೀಸ ಎಳೆಗಳೊಳಗೆ ಹರಿದು ತಂತಿ ಕಡ್ಡಿ ಥರ ಆಗಿ, ಇಂಜಿನ್ ಅದುರಾಟಕ್ಕೆ ಆರು ತಿಂಗಳಲ್ಲಿ ಬೆಸುಗೆ ಮುಗಿಯೋ ಜಾಗದಲ್ಲೇ ಕಡೀತು. ಈಗ ಲಗ್ಗನ್ನ ತಂತಿ ಮೇಲೆ ಒತ್ತಿ ಹಿಡಿಸೋ ಹೈಡ್ರಾಲಿಕ್ ಕ್ರಿಂಪರ್ ತಗೊಂಡಿದ್ದೀನಿ, 2,000ಕ್ಕೆ ಸಿಕ್ತು. ಟರ್ಮಿನಲ್ಲಿನ ಬಿಳಿ ಪುಡಿಗೆ ಕೋಲಾ ಹಾಕಿಯೂ ನೋಡಿದ್ದೀನಿ. ಪುಡಿ ಹೋಗುತ್ತೆ, ಮರುದಿನ ಬಾನೆಟ್ ತುಂಬಾ ಇರುವೆ. ಬಿಸಿನೀರು, ಅಡುಗೆ ಸೋಡಾ ಸಾಕು.

ಸೆಲ್ಫ್ ಇಳಿಸದೇ ತಪ್ಪು ಬ್ರಷ್ಷಿನದೋ ಕಾಂಟ್ಯಾಕ್ಟಿನದೋ ಅಂತ ಹೇಳೋಕೆ ಮೂರನೇ ಕಡೆ ಪ್ರೋಬ್ ಇಡೋ ಒಂದು ಉಪಾಯ ಇದೆ. ಅದನ್ನ ಇಲ್ಲಿ ಬರೆಯಲ್ಲ, ಗ್ಯಾರೇಜಿಗೆ ಬಂದು ಚಾ ಕುಡಿಸಿದವರಿಗೆ ತೋರಿಸ್ತೀನಿ. ಆವತ್ತಿಂದ ಈವತ್ತಿನವರೆಗೆ ಇಂಥ ಟಕ್ ಗಾಡಿ ಒಂದು ಇಪ್ಪತ್ತಾದರೂ ನೋಡಿರಬೇಕು. ಏಳೆಂಟರಲ್ಲಿ ಅರ್ತೇ ಕಳ್ಳ.

ಮಿರ್ಚಿ ದುಡ್ಡು ಮಾಮಾ ಇನ್ನೂ ಕೊಟ್ಟಿಲ್ಲ. ಮೊನ್ನೆ ಒಂದು ಟ್ರ್ಯಾಕ್ಟರ್ ಕಳಿಸಿ, "ಇದಕ್ಕೂ ನಿನ್ನ ಮೀಟರ್ ಹಿಡಿ" ಅಂದರು. ಹಿಡಿದೆ. ಬ್ಯಾಟರಿನೇ ಹೋಗಿತ್ತು.