ತಾಳವಾಡಿ ಕಾಡಿನ ಪುಟ್ಟ ಹುಲ್ಲು: ವಿವರಣೆ ಬರೆದ ನನ್ನ ಅನುಭವ

ತಮಿಳುನಾಡಿನ ತಾಳವಾಡಿ, ಆಸನೂರು ಕಡೆಯ ಒಣ ಕಾಡಿನಲ್ಲಿ ಹುಲ್ಲಿನ ಎತ್ತರವನ್ನು ನಂಬಬಾರದು. ಒಳ್ಳೆ ಮಳೆಯಾದ ವರ್ಷ ಮೊಣಕಾಲುದ್ದ ಬೆಳೆದದ್ದು ಮರುವರ್ಷ ಗೇಣುದ್ದಕ್ಕೇ ತೆನೆ ಬಿಡುತ್ತದೆ. ಕಾಟಿ, ಜಿಂಕೆ ಮೇಯ್ದರೆ ಇನ್ನೂ ಗಿಡ್ಡ. ಹಾಗಾಗಿ ಒಂದು ಹುಲ್ಲನ್ನು ಗುರುತು ಹಿಡಿಯಲು ಅದರ ವಿವರಣೆ ಬರೆಯುವಾಗ ಮಳೆಗೂ ಮೇವಿಗೂ ಜಾಸ್ತಿ ಬದಲಾಗದ ಭಾಗ ಯಾವುದು ಅಂತ ಮೊದಲು ಹುಡುಕುತ್ತೇನೆ.

ನಾನು ಬರೆದದ್ದು ಟ್ರೈಪೋಗಾನ್ ಕುಲದ ಒಂದು ಹುಲ್ಲಿನ ಬಗ್ಗೆ. ದಿಂಡಿಗ, ಕಗ್ಗಲಿ ಮರಗಳ ನಡುವಿನ ಹಾಸುಬಂಡೆಯ ಸೀಳಿನಲ್ಲಿ ಕೆಲವೇ ಬುಡಗಳಿದ್ದವು. ಈ ಕುಲದ ಹಲವು ಹುಲ್ಲುಗಳು ಬೇಸಿಗೆಯಲ್ಲಿ ಪೂರ್ತಿ ಒಣಗಿ, ಗರಿ ಸುರುಳಿ ಸುತ್ತಿಕೊಂಡು ಸತ್ತ ಹಾಗೆ ಕಾಣುತ್ತವೆ. ಮಳೆ ಬಿದ್ದರೆ ಅದೇ ಗರಿ ಬಿಚ್ಚಿಕೊಂಡು ಮತ್ತೆ ಹಸಿರಾಗುತ್ತದೆ. ನನಗೆ ಇದರ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದೇ ಅದಕ್ಕೆ.

ಇದು ಸತ್ಯಮಂಗಲ ಹುಲಿ ರಕ್ಷಿತಾರಣ್ಯದ ಕಾಡು, 2013ರಲ್ಲಿ ಘೋಷಣೆಯಾದದ್ದು. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಕಡ್ಡಿಯನ್ನೂ ಕೀಳುವಂತಿಲ್ಲ. ಅನುಮತಿ ಸಿಕ್ಕ ಮೇಲೂ ಬೇರುಸಹಿತ ತೆಗೆದದ್ದು ಒಂದೇ ಬುಡ. ಉಳಿದವುಗಳಿಂದ ಬರೀ ತೆನೆ ತೆಗೆದುಕೊಂಡೆ, ಬುಡದ ಫೋಟೊ ಹಿಡಿದೆ.

ನಿಜವಾದ ಕೆಲಸ ಇರುವುದು ತೆನೆಯಲ್ಲಿ. ಒಣಗಿದ ಕಿರುತೆನೆಯನ್ನು (ತೆನೆಯಲ್ಲಿ ಹೂ ಹೊತ್ತ ಪುಟ್ಟ ಭಾಗ) ಹಾಗೇ ಬಿಡಿಸಿದರೆ ಪುಡಿಯಾಗುತ್ತದೆ. ಬಿಸಿನೀರಿಗೆ ಒಂದು ಹನಿ ಸೋಪು ಹಾಕಿ ನೆನೆಸಿಟ್ಟರೆ ಮೆತ್ತಗಾಗುತ್ತದೆ. ಆಮೇಲೆ ಎರಡು ಸೂಜಿ, ಗ್ರಾಫ್ ಹಾಳೆ, ಲೆನ್ಸು. ಕಿರುತೆನೆಯ ಬುಡದಲ್ಲಿರುವ ಹೊಟ್ಟಿನಂಥ ಎಸಳುಗಳಿಗೆ ಗ್ಲೂಮ್ ಅನ್ನುತ್ತಾರೆ. ಕೆಳಗಿನ ಗ್ಲೂಮ್ ಎರಡೂ ಕಡೆ ಸಮ ಇಲ್ಲ, ಒಂದು ಪಕ್ಕ ಸಣ್ಣ ಹಲ್ಲಿನಂತೆ ಚಾಚಿದೆ. ಹೂವನ್ನು ಮುಚ್ಚುವ ಲೆಮ್ಮಾದಲ್ಲಿ ಮೂರು ನರ, ಬುಡದಲ್ಲಿ ಕೂದಲಿನ ಕುಚ್ಚು, ತುದಿಯ ಸೀಳಿನಿಂದ ಹೊರಟ ಕೂದಲೆಳೆಯಂಥ ಮೀಸೆ. ಮೀಸೆ ನೆಟ್ಟಗಿದೆಯಾ ಬಾಗಿದೆಯಾ, ಪಕ್ಕದ ಹಾಲೆಗಳಿಗೂ ಮೀಸೆ ಇದೆಯಾ, ಪರಾಗಚೀಲ ಎಷ್ಟುದ್ದ, ಇವೆಲ್ಲ ಬರೆಯಲೇಬೇಕು. ಒಂದೇ ತೆನೆ ಅಳೆದು ಸಂಖ್ಯೆ ಬರೆದರೆ ಸಾಲದು. ಬೇರೆ ಬೇರೆ ಬುಡದ ತೆನೆ ಅಳೆದು ಕಡಿಮೆ ಎಷ್ಟು, ಜಾಸ್ತಿ ಎಷ್ಟು ಅಂತ ಎರಡನ್ನೂ ಕೊಡಬೇಕು.

ಅದೇ ಬಂಡೆಯ ಮೇಲೆ ಓರೊಪೀಟಿಯಂ ಅನ್ನುವ ಇನ್ನೊಂದು ಕುಲದ ಹುಲ್ಲು ಕೂಡ ಇತ್ತು. ಇನ್ನೂ ಪುಟ್ಟದು, ಅದೂ ಒಣಗಿ ಮತ್ತೆ ಚಿಗುರುವಂಥದ್ದೇ. ದೂರದಿಂದ ಎರಡೂ ಒಂದೇ ಅನ್ನಿಸುತ್ತವೆ. ಅದರ ಕಿರುತೆನೆಯಲ್ಲಿ ಸಾಮಾನ್ಯವಾಗಿ ಒಂದೇ ಹೂ, ಅದೂ ತೆನೆದಂಟಿನ ಗುಳಿಯೊಳಗೆ ಹುದುಗಿರುತ್ತದೆ. ಟ್ರೈಪೋಗಾನ್‌ನ ಕಿರುತೆನೆಯಲ್ಲಿ ಹಲವು ಹೂ ಇರುತ್ತವೆ, ಕಿರುತೆನೆಗಳೆಲ್ಲ ದಂಟಿನ ಒಂದೇ ಬದಿಗೆ ಎರಡು ಸಾಲಾಗಿ ಹೊರಗೇ ಕೂತಿರುತ್ತವೆ. ಇಂಥ ಹೋಲಿಕೆಯ ಒಂದು ಸಾಲು ಸುಮ್ನೆ ಬರೆದ ಹತ್ತು ಸಾಲಿಗಿಂತ ಉಪಯೋಗ.

ಗುರುತು ಹಿಡಿಯುವ ಪುಸ್ತಕವನ್ನು ನಾನು ತೆರೆಯುವುದು ಕಂಡದ್ದನ್ನೆಲ್ಲ ಬರೆದು ಮುಗಿಸಿದ ಮೇಲೆಯೇ. ಮೊದಲೇ ಓದಿದರೆ ಕಣ್ಣು ಪುಸ್ತಕದಲ್ಲಿರುವುದನ್ನೇ ಹುಡುಕುತ್ತದೆ, ಅಲ್ವಾ? ಪರಾಗಚೀಲದ ಬಣ್ಣವನ್ನು ಮಾತ್ರ ಬಂಡೆಯ ಪಕ್ಕದಲ್ಲೇ ಬರೆದುಕೊಳ್ಳಬೇಕು, ಒಣಗಿದ ಮೇಲೆ ಅದು ಉಳಿಯುವುದಿಲ್ಲ.

ಹುಲ್ಲನ್ನು ಒತ್ತಿ ಒಣಗಿಸಿ ಅಂಟಿಸಿದ ಹಾಳೆಯನ್ನು ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂನ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಹಳೆಯ ಹಾಳೆಗಳ ಜೊತೆ ಇಟ್ಟು ನೋಡುವ ಕೆಲಸ ಬಾಕಿ ಇದೆ. ಅಲ್ಲಿಯವರೆಗೆ ಕುಲದ ಹೆಸರಷ್ಟೇ ಬರೆದಿದ್ದೇನೆ. ಬಂಡೆ ಇರುವ ಸರಿಯಾದ ಜಾಗ ಹಾಳೆಯ ಚೀಟಿಯಲ್ಲಿದೆ, ಬೇರೆಲ್ಲೂ ಹಾಕಿಲ್ಲ. ಅಷ್ಟು ಕಡಿಮೆ ಬುಡಗಳಿರುವ ಕಡೆ ನೋಡಲು ಬಂದವರ ಕಾಲಡಿಗೇ ಸಿಕ್ಕಿ ಹುಲ್ಲು ಹಾಳಾಗುವುದು ನನಗೆ ಬೇಡ.