ಋತು ಮುಗಿದ ಮೇಲೆ ಸ್ಕೇಟ್ ತೆಗೆದಿಡಿಸುತ್ತೇನೆ

ನಾನು ಐಸ್ ಹಾಕಿ ಕಲಿಸುವುದು ಹೆಚ್ಚಾಗಿ ಹದಿನಾಲ್ಕರ ಒಳಗಿನ ಮಕ್ಕಳಿಗೆ. ಋತು ಮುಗಿದಾಗ ಕೆಲವು ತಿಂಗಳು ಸ್ಕೇಟ್ ಮುಟ್ಟಬೇಡಿ ಎನ್ನುತ್ತೇನೆ. ‘ಉಳಿದವರು ವರ್ಷವಿಡೀ ಆಡುತ್ತಾರೆ, ನಮ್ಮವನು ಹಿಂದುಳಿಯುವುದಿಲ್ಲವೇ?’ ಎಂದು ಪೋಷಕರು ಆತಂಕಪಡುತ್ತಾರೆ.

ಅವರಿಗೆ ಸೊಂಟದ ಕೀಲನ್ನು ತೋರಿಸಿ ವಿವರಿಸುತ್ತೇನೆ. ಸ್ಕೇಟಿಂಗ್‌ನಲ್ಲಿ ಮಗು ಸದಾ ಬಾಗಿರುತ್ತದೆ, ಕಾಲನ್ನು ಪಕ್ಕಕ್ಕೆ ಒತ್ತುತ್ತದೆ. ಇದೊಂದೇ ಚಲನೆ ವರ್ಷಪೂರ್ತಿ ನಡೆದರೆ ಸೊಂಟದ ಮುಂಭಾಗದ ಸ್ನಾಯು ಬಿಗಿಯುತ್ತದೆ, ತೊಡೆಸಂದು ನೋಯುತ್ತದೆ. ತೊಡೆಮೂಳೆಯ ತಲೆಯ ಬಳಿ ಮೂಳೆ ಉಬ್ಬಿ ಕೀಲಿಗೆ ತಾಗುವ ತೊಂದರೆಯೂ ಹಾಕಿ ಆಟಗಾರರಲ್ಲಿ ಸಾಮಾನ್ಯ. ಆದ್ದರಿಂದ ಬಿಡುವಿನಲ್ಲಿ ಫುಟ್‌ಬಾಲ್, ಈಜು, ಜಿಮ್ನಾಸ್ಟಿಕ್ಸ್, ಯಾವುದಾದರೂ ಸರಿ, ಮಗುವಿಗೆ ಇಷ್ಟವಾದದ್ದನ್ನು ಆಡಿಸುತ್ತೇನೆ. ಫುಟ್‌ಬಾಲ್ ಆಡಿ ಬಂದವರು ಖಾಲಿ ಜಾಗವನ್ನು ಬೇಗ ಗುರುತಿಸುತ್ತಾರೆ. ಇದನ್ನು ಮಂಜಿನ ಮೇಲೆ ಕಲಿಸುವುದು ಬಹಳ ಕಷ್ಟ.

ಎಂಟರ ಒಳಗಿನವರಿಗೆ ರಿಂಕ್ ಅನ್ನು, ಅಂದರೆ ಮಂಜುಗಡ್ಡೆಯ ಅಂಗಳವನ್ನು, ಅಡ್ಡಲಾಗಿ ಭಾಗ ಮಾಡುತ್ತೇನೆ. 200 ಅಡಿ ಉದ್ದದ ಪೂರ್ಣ ರಿಂಕ್‌ನಲ್ಲಿ ವೇಗವಾಗಿ ಓಡುವ ಒಬ್ಬಿಬ್ಬರಿಗಷ್ಟೇ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆ) ಸಿಗುತ್ತದೆ. ಅಮೆರಿಕದ ಐಸ್ ಹಾಕಿ ಸಂಸ್ಥೆ ಯುಎಸ್‌ಎ ಹಾಕಿ 2009ರಲ್ಲಿ ತಂದ ತರಬೇತಿ ಮಾದರಿ, ಅಮೆರಿಕನ್ ಡೆವಲಪ್‌ಮೆಂಟ್ ಮಾಡೆಲ್ ಕೂಡ ಈ ವಯಸ್ಸಿಗೆ ಕಿರಿದಾದ ಅಂಗಳವನ್ನೇ ಹೇಳುತ್ತದೆ. ಚಿಕ್ಕವರಲ್ಲಿ ಯಾರೊಬ್ಬರನ್ನೂ ಕಾಯಂ ಗೋಲ್‌ಕೀಪರ್ ಮಾಡುವುದಿಲ್ಲ. ಎಲ್ಲರೂ ಸರದಿಯಲ್ಲಿ ನಿಲ್ಲುತ್ತಾರೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸಾಧನ ಗೋಡೆಗೆ ಅಂಟಿಸಿದ ಅಳತೆಪಟ್ಟಿ. ಮೂರು ತಿಂಗಳಿಗೊಮ್ಮೆ ಎಲ್ಲರ ಎತ್ತರ ಬರೆದಿಡುತ್ತೇನೆ. ಹುಡುಗಿಯರು ಸುಮಾರು ಹನ್ನೆರಡರಲ್ಲಿ, ಹುಡುಗರು ಹದಿನಾಲ್ಕರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತಾರೆ. ಒಬ್ಬರಿಂದ ಒಬ್ಬರಿಗೆ ವ್ಯತ್ಯಾಸ ದೊಡ್ಡದು. ಗೆರೆ ದಿಢೀರನೆ ಮೇಲೇರಿದರೆ ಆ ಮಗುವಿಗೆ ಜಿಗಿತ, ತೀವ್ರ ಓಟಗಳನ್ನು ಕಡಿಮೆ ಮಾಡುತ್ತೇನೆ. ಮಂಡಿಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವಿದೆಯೇ ಎಂದು ಪ್ರತಿ ಅಭ್ಯಾಸದಲ್ಲೂ ಕೇಳುತ್ತೇನೆ. ಉದ್ದವಾದ ಕಾಲು ಹಳೆಯ ಹಿಡಿತಕ್ಕೆ ಸಿಗದೆ, ನಿನ್ನೆಯವರೆಗೆ ಚೆನ್ನಾಗಿ ತಿರುಗುತ್ತಿದ್ದವರೂ ಮುಗ್ಗರಿಸುತ್ತಾರೆ. ಆಗ ಸ್ಕೇಟ್‌ನ ಒಳ, ಹೊರ ಅಂಚುಗಳ ಮೊದಲ ಪಾಠಗಳಿಗೆ ಮರಳುತ್ತೇವೆ. ‘ನಿನ್ನ ಆಟ ಕೆಟ್ಟಿಲ್ಲ, ದೇಹ ಬದಲಾಗುತ್ತಿದೆ’ ಎಂದು ಮಗುವಿಗೆ ನೇರವಾಗಿ ಹೇಳುತ್ತೇನೆ. ಈ ಅವಧಿಯಲ್ಲಿ ಯಾರನ್ನೂ ತಂಡದಿಂದ ಕೈಬಿಡುವುದಿಲ್ಲ.