ಕತ್ತಿನ ರಕ್ತನಾಳದ ಆಪರೇಷನ್‌ಗೆ ಮೊದಲು ನೆನಪಿನ ಲೆಕ್ಕವನ್ನೂ ಬರೆದಿಡಿ

ಕತ್ತಿನ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ರಿಪೋರ್ಟ್ ಕೈಗೆ ಬಂದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಪರ್ಸೆಂಟ್ ಬ್ಲಾಕ್? ನಮ್ಮ ಯಜಮಾನರದ್ದು ಎಡಗಡೆ 80, ಬಲಗಡೆ 40. ನೋಡಲು ಬಂದ ನೆಂಟರೆಲ್ಲ ಎಂಬತ್ತನ್ನೇ ಹಿಡಿದುಕೊಂಡು ಕೂತರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಆ ಬ್ಲಾಕ್‌ನಿಂದ ಈಗಾಗಲೇ ಏನಾದರೂ ತೊಂದರೆ ಆಗಿದೆಯಾ, ಇಲ್ಲವಾ?

ಕ್ಯಾರೋಟಿಡ್ ಎನ್ನುವ ರಕ್ತನಾಳ ಕತ್ತಿನ ಎರಡೂ ಪಕ್ಕ ಮೇಲಕ್ಕೆ ಹೋಗುತ್ತದೆ. ದವಡೆಯ ಸ್ವಲ್ಪ ಕೆಳಗೆ ಕವಲಾಗಿ ಒಂದು ಮುಖಕ್ಕೆ, ಇನ್ನೊಂದು ಮಿದುಳಿಗೆ. ಕೊಬ್ಬು, ಸುಣ್ಣ ಕಟ್ಟಿಕೊಳ್ಳುವುದು ಹೆಚ್ಚಾಗಿ ಆ ಕವಲಿನಲ್ಲೇ. ಅಲ್ಲಿಂದ ಚೂರು ಕಿತ್ತು ಮೇಲೆ ಹೋದರೆ ಒಂದು ಕಣ್ಣಿಗೆ ಪರದೆ ಇಳಿದ ಹಾಗಾಗಬಹುದು, ಎದುರು ಪಕ್ಕದ ಕೈಕಾಲು ಸೋಲಬಹುದು, ಮಾತು ತಪ್ಪಬಹುದು. ಕೆಲವು ನಿಮಿಷದಲ್ಲಿ ತಾನಾಗಿ ಸರಿಹೋದರೆ ಅದನ್ನು ಟಿಐಎ ಅನ್ನುತ್ತಾರೆ.

ನಮ್ಮವರು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಮಂಡಿಯಲ್ಲಿ ಚೀಟಿ ಬರೆಯುವಾಗ ಪೆನ್ನು ಬೆರಳಿನಿಂದ ಜಾರಿತು. ತೂಕ ಅನ್ನಲು ಹೋಗಿ ಬೇರೇನೋ ಅಂದರು. ಕಾಫಿ ಬರುವಷ್ಟರಲ್ಲಿ ಎಲ್ಲ ಮೊದಲಿನಂತೆ. "ಗ್ಯಾಸ್ ಇರಬೇಕು ಬಿಡೋ" ಅಂದರಂತೆ. ಮಗ ಬಿಡಲಿಲ್ಲ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋದ. ನೀವೂ ಬಿಡಬೇಡಿ. ಬಾಯಿ ಓರೆ, ಕೈ ಸೋಲು, ಮಾತು ತೊದಲು, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ಶುರುವಾದ ಟೈಮ್ ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವಿದೆ.

ಮಾಡಿಸಬೇಕಾ, ಬೇಡವಾ

ಟಿಐಎ ಅಥವಾ ಸಣ್ಣ ಸ್ಟ್ರೋಕ್ (ಲಕ್ವ) ಆಗಿ, ಅದಕ್ಕೆ ಕಾರಣವಾದ ಪಕ್ಕದ ನಾಳದಲ್ಲಿ 70ಕ್ಕಿಂತ ಜಾಸ್ತಿ ಬ್ಲಾಕ್ ಇದ್ದರೆ ತಡ ಮಾಡಬಾರದು. ಕಟ್ಟಿಕೊಂಡದ್ದನ್ನು ತೆಗೆಯುವ ಆಪರೇಷನ್ ಎರಡು ವಾರದೊಳಗೆ ಮಾಡಿಸಿದರೆ ಲಾಭ ಜಾಸ್ತಿ. ಅಮೆರಿಕ, ಕೆನಡಾದಲ್ಲಿ ನಡೆದ ನ್ಯಾಸೆಟ್ ಎಂಬ ಅಧ್ಯಯನದ ಲೆಕ್ಕ 1991ರಲ್ಲಿ ಬಂತು. ಬರೀ ಮಾತ್ರೆಯಲ್ಲಿದ್ದ ನೂರು ಜನರಲ್ಲಿ 26 ಜನಕ್ಕೆ ಎರಡು ವರ್ಷದೊಳಗೆ ಅದೇ ಪಕ್ಕದ ಸ್ಟ್ರೋಕ್ ಆಯಿತು. ಆಪರೇಷನ್ ಆದವರಲ್ಲಿ 9 ಜನಕ್ಕೆ. ಆಗಿನ ಮಾತ್ರೆಗಳು ಈಗಿನಷ್ಟು ಚೆನ್ನಾಗಿರಲಿಲ್ಲ, ಅದೂ ನೆನಪಿರಲಿ.

ಏನೂ ತೊಂದರೆ ಇಲ್ಲದೆ, ಹೆಲ್ತ್ ಚೆಕಪ್‌ನಲ್ಲಿ ಸುಮ್ನೆ ಸಿಕ್ಕಿದ ಬ್ಲಾಕ್ ಆದರೆ ಕಥೆ ಬೇರೆ. ಅಲ್ಲಿ ಗಡಿಬಿಡಿ ಬೇಡ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಬಿಪಿ ಹತೋಟಿ ಇಷ್ಟರಲ್ಲೇ ಎಷ್ಟೋ ಜನ ಆರಾಮಾಗಿರುತ್ತಾರೆ. ಪೂರ್ತಿ ನೂರಕ್ಕೆ ನೂರು ಮುಚ್ಚಿಹೋಗಿದ್ದರೆ ಸಾಮಾನ್ಯವಾಗಿ ಅದನ್ನು ಬಿಡಿಸಲು ಹೋಗುವುದಿಲ್ಲ. "ಹಾಗಾದ್ರೆ ಕೈಬಿಟ್ರಾ ಡಾಕ್ಟರು" ಅಂತ ಹೆದರಬೇಡಿ. ಅಂಥವರಿಗೂ ಮಾತ್ರೆಯ ಚಿಕಿತ್ಸೆ ನಡೆಯುತ್ತದೆ.

ಸರ್ಜನ್ ಹತ್ತಿರ ಒಂದು ಪ್ರಶ್ನೆ ನಾಚಿಕೆ ಬಿಟ್ಟು ಕೇಳಿ: "ನಿಮ್ಮ ಕೈಯಲ್ಲಿ ಈ ಆಪರೇಷನ್ ಆದವರಲ್ಲಿ ನೂರಕ್ಕೆ ಎಷ್ಟು ಜನಕ್ಕೆ ಸ್ಟ್ರೋಕ್ ಅಥವಾ ಸಾವು ಆಗಿದೆ?" ಟಿಐಎ ಆದವರಲ್ಲಿ 6ಕ್ಕಿಂತ, ಏನೂ ಆಗದವರಲ್ಲಿ 3ಕ್ಕಿಂತ ಕಡಿಮೆ ಇರಬೇಕು ಎನ್ನುವುದು ಬಹಳ ಕಾಲದಿಂದ ಇರುವ ಅಳತೆ. ನಾನು ಕೇಳಿದಾಗ ನಮ್ಮ ಸರ್ಜನ್ ಬೇಜಾರು ಮಾಡಿಕೊಳ್ಳಲಿಲ್ಲ, ಲೆಕ್ಕ ಹೇಳಿದರು. ಈ ಪ್ರಶ್ನೆಗೆ ಸಿಡುಕುವವರಾದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು, ಅಲ್ವಾ?

ಆಪರೇಷನ್ ಆದರೆ ಮರೆವು ಹೋಗತ್ತಾ?

ನಮ್ಮ ಅತ್ತೆ ಕೇಳಿದ್ದು ಇದನ್ನೇ. ಸರ್ಜನ್ ಸೀದಾ ಹೇಳಿದರು: "ಇದು ಲಕ್ವ ಹೊಡೀದಿರಲಿ ಅಂತ ಮಾಡೋ ಆಪರೇಷನ್, ಅಜ್ಜಿ. ನೆನಪು ಜಾಸ್ತಿ ಆದರೆ ಲಾಭ ಅಂದುಕೊಳ್ಳಿ, ಅದನ್ನು ನಂಬಿಕೊಂಡು ಬರಬೇಡಿ."

ಈ ಬ್ಲಾಕ್ ಮಿದುಳಿಗೆ ಎರಡು ದಾರಿಯಲ್ಲಿ ತೊಂದರೆ ಕೊಡಬಲ್ಲದು. ಒಂದು, ಸಣ್ಣ ಸಣ್ಣ ಚೂರು ಹೋಗಿ ಹೊರಗೆ ಗೊತ್ತೇ ಆಗದ ಸ್ಟ್ರೋಕ್‌ಗಳಾಗುವುದು. ಎರಡು, ರಕ್ತದ ಹರಿವೇ ಕಡಿಮೆಯಾಗುವುದು. ಮಿದುಳಿನ ಬುಡದಲ್ಲಿ ರಕ್ತನಾಳಗಳು ಒಂದಕ್ಕೊಂದು ಸೇರಿ ಬಳೆಯ ಹಾಗೆ ಕೂಡಿಕೊಂಡಿರುತ್ತವೆ. ಆ ಬಳೆ ಚೆನ್ನಾಗಿದ್ದವರಿಗೆ ಇನ್ನೊಂದು ಪಕ್ಕದಿಂದ ರಕ್ತ ಬಂದು ಕೊರತೆ ತುಂಬುತ್ತದೆ. ಹಾಗಾಗಿ ಒಂದೇ ಪರ್ಸೆಂಟ್ ಇದ್ದರೂ ಒಬ್ಬರು ಚುರುಕಾಗಿರುತ್ತಾರೆ, ಇನ್ನೊಬ್ಬರು ಮಂಕಾಗುತ್ತಾರೆ. ಮಂಕು ಅಂದರೆ ಮೊಮ್ಮಗನ ಹೆಸರೇ ಮರೆಯುವುದು ಅಂತಲ್ಲ. ಜಾಸ್ತಿ ಕಾಣುವುದು ನಿಧಾನ. ಯೋಚನೆ ತಡವಾಗುತ್ತದೆ, ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ, ಮುಂದೇನು ಮಾಡಬೇಕು ಅಂತ ಹೊಂದಿಸಲು ಕಷ್ಟ.

ನಾಳ ಬಿಡಿಸಿದ ಮೇಲೆ ಕೆಲವರಲ್ಲಿ ನೆನಪು, ಚುರುಕು ಸುಧಾರಿಸುತ್ತದೆ, ಕೆಲವರಲ್ಲಿ ಇದ್ದ ಹಾಗೇ ಇರುತ್ತದೆ, ಕೆಲವರಲ್ಲಿ ಒಂದಿಷ್ಟು ಇಳಿಯುತ್ತದೆ. ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ. ನಿಮ್ಮ ಮನೆಯವರು ಯಾವ ಗುಂಪು ಅಂತ ಆಮೇಲೆ ತಿಳಿಯಬೇಕಾದರೆ ಆಪರೇಷನ್‌ಗೆ ಮೊದಲು ಹೇಗಿದ್ದರು ಎನ್ನುವುದು ಕಾಗದದ ಮೇಲಿರಬೇಕು. ಇಲ್ಲದಿದ್ದರೆ ಮಗಳು "ಅಪ್ಪ ಚುರುಕಾಗಿದ್ದಾರೆ" ಅನ್ನುತ್ತಾಳೆ, ಸೊಸೆ "ಮೊದಲಿನ ಹಾಗಿಲ್ಲ" ಅನ್ನುತ್ತಾಳೆ. ಇಬ್ಬರ ಮಾತಿಗೂ ಆಧಾರ ಇರುವುದಿಲ್ಲ.

ಬರೆದಿಡುವುದು ಹೇಗೆ

ಮೊದಲು ಡಾಕ್ಟರ್ ಕಡೆಯಿಂದ ಮೋಕಾ ಎಂಬ ನೆನಪು, ಯೋಚನೆಯ ಪರೀಕ್ಷೆ ಮಾಡಿಸಿ. ಒಟ್ಟು 30 ಅಂಕ. 26 ಅಥವಾ ಜಾಸ್ತಿ ಬಂದರೆ ಸರಿ ಅನ್ನುವುದು ರೂಢಿ. ಗಡಿಯಾರ ಬರೆಸುತ್ತಾರೆ, ಐದು ಪದ ಹೇಳಿ ಸ್ವಲ್ಪ ಹೊತ್ತಾದ ಮೇಲೆ ಕೇಳುತ್ತಾರೆ, 100ರಿಂದ ಏಳೇಳು ಕಳೆಯಿಸುತ್ತಾರೆ. ಕನ್ನಡದಲ್ಲೇ ಇದೆ, ಕನ್ನಡದಲ್ಲೇ ಕೊಡಿ ಅಂತ ಕೇಳಿ. ಇಂಗ್ಲಿಷಿನಲ್ಲಿ ಕೊಟ್ಟರೆ ನೆನಪಿನ ಜೊತೆ ಇಂಗ್ಲಿಷನ್ನೂ ಪರೀಕ್ಷೆ ಮಾಡಿದಂತಾಗುತ್ತದೆ. ಕಡಿಮೆ ಓದಿದವರಿಗೆ ಒಂದು ಅಂಕ ಸೇರಿಸುವ ಪದ್ಧತಿಯಿದೆ, ಸೇರಿಸಿದ್ದಾರಾ ನೋಡಿ. ಟಿಐಎ ಆದ ಗಾಬರಿಯಲ್ಲೇ ಕೂರಿಸಬೇಡಿ. ಆದರೆ ಇದಕ್ಕೋಸ್ಕರ ಆಪರೇಷನ್ ತಡ ಮಾಡಲೂಬೇಡಿ.

ಆಮೇಲೆ ಮನೆಯ ನೋಟ್‌ಬುಕ್. ನನಗೆ ಇದರ ಮೇಲೆಯೇ ನಂಬಿಕೆ ಜಾಸ್ತಿ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು, ಅಂಕ ಒಂದೇ ನೋಡಿದರೆ ಮಗು ಅರ್ಥವಾಗುವುದಿಲ್ಲ ಅಂತ ಗೊತ್ತು. ಅವರು ದಿನಾ ಮಾಡುವ ಕೆಲಸವನ್ನೇ ಆರಿಸಿಕೊಳ್ಳಿ. ನಮ್ಮವರಿಗೆ ಕೊಬ್ಬರಿ ಲೆಕ್ಕ. ಮೂರು ಚೀಲದ ತೂಕ ಹೇಳಿದೆ, ಕ್ವಿಂಟಲ್ ದರ ಹೇಳಿದೆ, ಒಟ್ಟು ಎಷ್ಟಾಯಿತು ಅಂದೆ. ಮೊದಲಾಗಿದ್ದರೆ ನಾನು ಕ್ಯಾಲ್ಕುಲೇಟರ್ ಹುಡುಕುವುದರೊಳಗೆ ಉತ್ತರ ಬರುತ್ತಿತ್ತು. ಈ ಸಲ ಕಣ್ಣು ಮುಚ್ಚಿಕೊಂಡರು, ತೊಡೆಯ ಮೇಲೆ ಬೆರಳು ಮಡಚಿ ಎಣಿಸಿದರು, ನಡುವೆ "ದರ ಎಷ್ಟಂದೆ?" ಅಂತ ಎರಡು ಸಲ ಕೇಳಿದರು. ನಾನು ಬರೆದದ್ದು ಇಷ್ಟೇ: "ಉತ್ತರ ಸರಿ. ದರ ಎರಡು ಸಲ ಕೇಳಿದರು. ಬೆರಳು ಬಳಸಿದರು." "ತುಂಬಾ ಮರೆವು", "ಪರವಾಗಿಲ್ಲ" ಅಂತೆಲ್ಲ ಬರೆದರೆ ಮೂರು ತಿಂಗಳಾದ ಮೇಲೆ ನಿಮಗೇ ಅದರ ಅರ್ಥ ಆಗುವುದಿಲ್ಲ. ಕಂಡದ್ದನ್ನು ಮಾತ್ರ ಬರೆಯಿರಿ.

ಇಂಥವು ನಾಲ್ಕೈದು ಸಾಕು. ಹಿಂದಿನ ದಿನ ಮನೆಗೆ ಬಂದವರು ಯಾರು, ಏನು ಮಾತಾಯಿತು? ಫೋನಿನಲ್ಲಿ ಮಾತಾಡುತ್ತಲೇ ಹಾಲು ಕಾಯಿಸಿದರೆ ಉಕ್ಕುತ್ತದಾ? ತಮ್ಮ ಮಾತ್ರೆ ತಾವೇ ಸರಿಯಾಗಿ ತೆಗೆದುಕೊಳ್ಳುತ್ತಾರಾ? ಅಂಗಡಿಯಿಂದ ತರಲು ಐದು ಸಾಮಾನು ಬಾಯಲ್ಲಿ ಹೇಳಿ ಕಳಿಸಿದರೆ ಎಷ್ಟು ಬಂತು? ಎರಡನೇ ಸಲ ನೋಡುವಾಗ ಅಂಕಿಯನ್ನೂ ಸಾಮಾನನ್ನೂ ಬದಲಾಯಿಸಿ, ಇಲ್ಲದಿದ್ದರೆ ಅಭ್ಯಾಸಬಲವನ್ನೇ ಸುಧಾರಣೆ ಅಂದುಕೊಳ್ಳುತ್ತೀರಿ. ಪರೀಕ್ಷೆ ಅಂತ ಗೊತ್ತಾದರೆ ಗಂಡಸರಿಗೆ ಸಿಟ್ಟು ಬರುತ್ತದೆ. "ನನ್ನನ್ನೇನು ಒಂದನೇ ಕ್ಲಾಸಿಗೆ ಸೇರಿಸ್ತಾ ಇದ್ದೀಯೇನೇ?" ಅಂದರು ಇವರು.

ಜೊತೆಗೆ ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಬರೀ ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಕಡಿಮೆ ಇರುವುದು ಮಾಮೂಲು, ಅದರಿಂದಲೂ ಮರೆವು ಬರುತ್ತದೆ. ಕಿವಿ ಮಂದವಾಗಿದ್ದರೂ ಮರೆತ ಹಾಗೇ ಕಾಣುತ್ತದೆ. ಜೋರು ಗೊರಕೆ, ನಿದ್ದೆ ಮಾತ್ರೆ, ಮನಸ್ಸಿನ ಬೇಸರ ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಇವರಿಗೆ ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯಿತು.

ಕತ್ತು ಕೊಯ್ಯುವುದಾ, ಸ್ಟೆಂಟಾ

ಆಪರೇಷನ್ ಅಂದರೆ ಕತ್ತಿನ ಪಕ್ಕ ಕೊಯ್ದು, ನಾಳ ತೆರೆದು, ಕಟ್ಟಿಕೊಂಡದ್ದನ್ನು ಸುಲಿದು ತೆಗೆದು ಹೊಲಿಯುವುದು. 1950ರ ದಶಕದಿಂದ ನಡೆದುಬಂದಿದೆ. ಸ್ಟೆಂಟ್ ಆದರೆ ಸಾಮಾನ್ಯವಾಗಿ ತೊಡೆಯ ಸಂದಿಯಿಂದ ತಂತಿ ತೂರಿಸಿ ಜಾಲರಿ ಕೂರಿಸುವುದು. ಕೊಯ್ಯುವುದಿಲ್ಲವಲ್ಲ ಅಂತ ಎಲ್ಲರ ಮನಸ್ಸೂ ಸ್ಟೆಂಟ್ ಕಡೆಗೇ ವಾಲುತ್ತದೆ. ಆದರೆ ಎಪ್ಪತ್ತು ದಾಟಿದವರಿಗೆ ಆಪರೇಷನ್ನೇ ವಾಸಿ ಅಂತ 2010ರ ಕ್ರೆಸ್ಟ್ ಅಧ್ಯಯನದಲ್ಲಿ ಕಂಡಿತು. ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ ಚಿಕಿತ್ಸೆಯಾದ ಮೇಲೆ ಎಂಆರ್‌ಐ ಮಾಡಿ ನೋಡಿದರು. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅರ್ಧದಷ್ಟು ಜನರ ಮಿದುಳಿನಲ್ಲಿ ಹೊಸ ಚುಕ್ಕೆಗಳಿದ್ದವು, ಅಂದರೆ ರಕ್ತ ಸಿಗದೆ ಪೆಟ್ಟುಬಿದ್ದ ಜಾಗದ ಗುರುತು. ಆಪರೇಷನ್ ಆದವರಲ್ಲಿ ನೂರಕ್ಕೆ 17. ಹೆಚ್ಚಿನವರಿಗೆ ಹೊರಗೆ ಏನೂ ತಿಳಿಯುವುದಿಲ್ಲ. ಆದರೂ ನೆನಪಿನ ಬಗ್ಗೆ ಯೋಚಿಸುವವರು ಈ ಮಾತು ಎತ್ತಿ ಕೇಳಬೇಕು. ಇವರಿಗೆ 71, ಆಪರೇಷನ್ನೇ ಆರಿಸಿಕೊಂಡೆವು. ಹಿಂದೆ ಕತ್ತಿಗೆ ರೇಡಿಯೇಷನ್ ಆದವರಿಗೆ, ಹೃದಯ ಬಹಳ ಸೋತವರಿಗೆ ಸ್ಟೆಂಟ್ ಸರಿಹೋಗಬಹುದು.

ರಕ್ತ ಹೆಪ್ಪುಗಟ್ಟದಂತೆ ಕೊಡುವ ಎಕೋಸ್ಪ್ರಿನ್ (ಆಸ್ಪಿರಿನ್), ಕ್ಲೋಪಿಡೋಗ್ರೆಲ್ ಮಾತ್ರೆಗಳನ್ನು "ಆಪರೇಷನ್ ಇದೆಯಲ್ಲ" ಅಂತ ನೀವಾಗಿಯೇ ನಿಲ್ಲಿಸಬೇಡಿ. ಸರ್ಜನ್ ಹೇಳಿದ ಹಾಗೆ ಮಾಡಿ.

ಆಸ್ಪತ್ರೆ ಮತ್ತು ಮೊದಲ ತಿಂಗಳು

ಕನ್ನಡಕ, ಹಲ್ಲುಸೆಟ್, ಕಿವಿ ಮಷಿನ್ ಎಚ್ಚರವಾದ ತಕ್ಷಣ ಕೊಡುವಂತೆ ನರ್ಸ್‌ಗೆ ಹೇಳಿಡಿ. ಐಸಿಯುನಲ್ಲಿ ಹಗಲು ರಾತ್ರಿ ಗೊತ್ತಾಗುವುದಿಲ್ಲ, ವಯಸ್ಸಾದವರು ಗೊಂದಲಕ್ಕೆ ಬೀಳುತ್ತಾರೆ. ಇವರು ಮೊದಲ ರಾತ್ರಿ ನರ್ಸ್‌ಗೆ "ಲಾರಿ ಬಂತಾ, ಚೀಲ ಇಳಿಸಿದ್ರಾ" ಅಂತ ಕೇಳುತ್ತಿದ್ದರಂತೆ. ಇಂಥದ್ದು ಸಾಮಾನ್ಯವಾಗಿ ಕೆಲವು ದಿನದಲ್ಲಿ ತಿಳಿಯಾಗುತ್ತದೆ. ಹತ್ತಿರ ಕೂತು ಇವತ್ತು ಯಾವ ವಾರ, ಎಲ್ಲಿದ್ದೀರಿ ಅಂತ ಮೆಲ್ಲಗೆ ಹೇಳುತ್ತಿರಿ, ವಾದ ಮಾಡಬೇಡಿ. ಆದರೆ ಗೊಂದಲ ಶುರುವಾದದ್ದನ್ನು ನರ್ಸ್ ಕಿವಿಗೆ ಹಾಕಲೇಬೇಕು. ಕೈ ಸೋತರೆ, ಬಾಯಿ ಓರೆಯಾದರೆ, ಕತ್ತು ಊದಿ ಉಸಿರು ಕಟ್ಟಿದಂತಾದರೆ ಒಂದು ನಿಮಿಷವೂ ಕಾಯದೆ ಕೂಗಿ ಕರೆಯಿರಿ.

ಮನೆಗೆ ಬಂದ ಮೇಲೆ ಬಿಪಿ ದಿನಕ್ಕೆ ಎರಡು ಸಲ. ಐದು ನಿಮಿಷ ಸುಮ್ಮನೆ ಕೂತು ಆಮೇಲೆ ಪಟ್ಟಿ ಕಟ್ಟಿ. ಕಾಫಿ ಕುಡಿದ ತಕ್ಷಣ ಬೇಡ. ಇಷ್ಟು ದಿನ ಕಡಿಮೆ ರಕ್ತಕ್ಕೆ ಒಗ್ಗಿದ್ದ ಮಿದುಳಿಗೆ ಒಮ್ಮೆಗೇ ಜಾಸ್ತಿ ಹರಿದರೆ ತೊಂದರೆಯಾಗಬಹುದು. ಅಪರೂಪ, ಆದರೆ ಅಪಾಯ. ಆಪರೇಷನ್ ಆದ ಪಕ್ಕದಲ್ಲಿ ಜೋರು ತಲೆನೋವು, ಬಿಪಿ ಏರಿಕೆ, ಫಿಟ್ಸ್ ಇದರ ಗುರುತು. ಮೊದಲ ವಾರದಲ್ಲಿ ಜಾಸ್ತಿ, ಒಂದು ತಿಂಗಳವರೆಗೂ ಆಗಬಹುದು. ತಲೆನೋವಿಗೆ ಮನೆಯಲ್ಲಿರುವ ಮಾತ್ರೆ ಕೊಟ್ಟು ಮಲಗಿಸಬೇಡಿ, ಆಸ್ಪತ್ರೆಗೆ ಹೋಗಿ.

ದವಡೆ, ಕಿವಿಯ ಹಾಲೆ ಮರಗಟ್ಟಿದ ಹಾಗಿರುತ್ತದೆ. ಬ್ಲೇಡಿನಿಂದ ಶೇವ್ ಮಾಡಿದರೆ ಕೊಯ್ದದ್ದೂ ಗೊತ್ತಾಗುವುದಿಲ್ಲ, ಅದಕ್ಕೇ ಟ್ರಿಮ್ಮರ್ ತಂದೆವು. ದನಿ ಗೊಗ್ಗರಾಗಬಹುದು, ನಾಲಿಗೆ ಒಂದು ಪಕ್ಕಕ್ಕೆ ಎಳೆಯಬಹುದು. ಸಾಮಾನ್ಯವಾಗಿ ನಿಧಾನಕ್ಕೆ ಸರಿಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ಕಟಿಂಗ್ ಶಾಪ್‌ನಲ್ಲಿ ಕತ್ತು ತಿರುಚಿ ನೆಟಿಗೆ ತೆಗೆಸಿಕೊಳ್ಳುವ ಚಟ ಇದ್ದರೆ ಅದಕ್ಕೆ ಪೂರ್ತಿ ನಮಸ್ಕಾರ ಹಾಕಬೇಕು, ಕತ್ತಿನ ಮಸಾಜಿಗೂ. ಬೀಡಿ, ಹೊಗೆಸೊಪ್ಪು ಬಿಡಬೇಕು, ಉಪ್ಪಿನಕಾಯಿ ಹಪ್ಪಳ ಕಡಿಮೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ 70ಕ್ಕಿಂತ ಕೆಳಗಿರಬೇಕು ಅಂತ ನಮಗೆ ಹೇಳಿದರು.

ಮತ್ತೆ ನೋಡುವುದು ಯಾವಾಗ

ಮೊದಲ ವಾರಗಳಲ್ಲಿ ನೆನಪನ್ನು ಅಳೆಯಬೇಡಿ. ಅರಿವಳಿಕೆ, ನೋವು, ನಿದ್ದೆಗೇಡು ಎಲ್ಲ ಸೇರಿ ಯಾರಾದರೂ ಮಂಕಾಗಿರುತ್ತಾರೆ. ಮೂರು ತಿಂಗಳು ಬಿಟ್ಟು ನೋಡಿ. ಇವರಿಗೆ ಮೋಕಾದಲ್ಲಿ ಮೊದಲು 23 ಬಂದಿತ್ತು, ಆಮೇಲೆ 24. ಮಗ ಖುಷಿಪಟ್ಟ. ಒಂದು ಅಂಕದ ಏರಿಳಿತಕ್ಕೆ ಅರ್ಥವಿಲ್ಲ ಅಂದರು ಡಾಕ್ಟರ್. ನೋಟ್‌ಬುಕ್‌ನಲ್ಲಿ ಮಾತ್ರ ವ್ಯತ್ಯಾಸ ಇತ್ತು: ಹೊಸ ತೂಕ, ಹೊಸ ದರ ಕೊಟ್ಟಾಗ ದರ ಒಂದೇ ಸಲ ಕೇಳಿದರು, ಬೆರಳು ಮಡಚಲಿಲ್ಲ. ಮನೆಗೆ ಬಂದವರ ಹೆಸರು ಮರೆಯುವುದು ಹಾಗೇ ಇದೆ. ಲೆಕ್ಕದಲ್ಲಿ ಸುಧಾರಿಸಿದ್ದರಲ್ಲಿ ಬಿ12 ಪಾಲೆಷ್ಟು, ಆಪರೇಷನ್ ಪಾಲೆಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ವ್ಯಾಪಾರ, ಬ್ಯಾಂಕು ಎಲ್ಲವನ್ನೂ ಒಮ್ಮೆಗೇ ಕೈಯಿಂದ ಕಿತ್ತುಕೊಳ್ಳಬೇಡಿ, ಅದೇ ಅವರಿಗೆ ಕಸರತ್ತು. ನಮ್ಮಲ್ಲಿ ಲೆಕ್ಕ ಅವರದ್ದೇ, ದೊಡ್ಡ ಮೊತ್ತವಾದರೆ ಮಗ ಇನ್ನೊಮ್ಮೆ ನೋಡುತ್ತಾನೆ. ಒಟಿಪಿ ಬಂದರೆ ಯಾರಿಗೂ ಹೇಳುವಂತಿಲ್ಲ ಅಂತ ಫೋನಿನ ಹಿಂದೆಯೇ ಚೀಟಿ ಅಂಟಿಸಿದ್ದೇವೆ. ಮಾತ್ರೆಗೆ ವಾರದ ಡಬ್ಬಿ. ಸ್ಕೂಟರ್ ಮತ್ತೆ ಓಡಿಸಬಹುದಾ ಅಂತ ಡಾಕ್ಟರನ್ನು ಕೇಳಿಯೇ ಬೀಗದ ಕೈ ಕೊಡಿ. ಮುಂದಿನ ಡಾಪ್ಲರ್‌ನಲ್ಲಿ ಆಪರೇಷನ್ ಆಗದ ಪಕ್ಕವನ್ನೂ ನೋಡಿಸಿ, ಹಳೇ ರಿಪೋರ್ಟ್ ಜೊತೆಗಿಟ್ಟುಕೊಂಡೇ ಹೋಗಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೇ ಬಲಗಡೆಯ 40 ನಿಂತಿದೆಯಾ, ಏರಿದೆಯಾ ಅಂತ ತಿಳಿಯುವುದು.